ಶಿರಾ ಜಟಕಾ, ಅಪ್ಪ ಮತ್ತು ನನ್ನ ಮದುವೆ

ನಮ್ಮಪ್ಪ ಪೇಟೆಗೆ ಹೊರಟರೆ ಏನಾದರೊಂದು ಎಡವಟ್ಟು ಮಾಡಿಕೊಳ್ಳದೆ ತಿರುಗಿ ಬಂದದ್ದೇ ಇಲ್ಲ. ಬೇರೆ ಯಾರದೋ ಕೆಲಸಕ್ಕೆ ಹೋದಾಗ ಆಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಹಾಳಾದ್ದು, ಆದದ್ದೆಲ್ಲ ನನ್ನ ಮದುವೆಯ ಮಾತಿಗೆ ಹೋದಾಗಲೇ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಐ.ಡಿ.ಹಳ್ಳಿಯಲ್ಲಿ ಮೇಷ್ಟ್ರು. ಮಧುಗಿರಿಯ ಒಂದು ಮದುವೆಮನೆಯಲ್ಲಿ ಶಿರಾದ ಬಟ್ಟೆ ವ್ಯಾಪಾರಿಯ ಮಗಳು ಪಾಯಸ ಬಡಿಸುತ್ತಾ ಬಂದಳು. ಸಾಕು ಸಾಕು ಎಂದರೂ ನನ್ನ ಎಲೆಗೆ ಇನ್ನೊಂದು ಸೌಟು ಸುರಿದು, "ಮೇಷ್ಟ್ರಿಗೆ ನಾಚ್ಕೆ ಜಾಸ್ತಿ" ಅಂದು ಮುಂದೆ ಹೋದಳು. ಮದುವೆಯಾದರೆ ಇವಳನ್ನೇ ಎಂದು ಅವತ್ತೇ ತೀರ್ಮಾನಿಸಿಬಿಟ್ಟೆ. ವಿಚಾರಿಸಿದಾಗ ಅವರ ಕಡೆಯಿಂದಲೂ ಬನ್ನಿ ಎಂದು ಹೇಳಿಕಳಿಸಿದರು.

ಮೊದಲ ಸಲ

ಶಿರಾದಲ್ಲಿ ಬಸ್ಸಿಳಿದರೆ ಎದುರಿಗೇ ಜಟಕಾಗಳ ಸಾಲು. ಗಾಡಿಯವರೆಲ್ಲ ಒಟ್ಟಿಗೆ ಕೂಗಿ ಕರೆಯುತ್ತಿದ್ದರು. ಒಬ್ಬ ಸಾಬರ ಗಾಡಿಗೆ ಅಪ್ಪ, ಸೋದರಮಾವ, ನಾನು, ಒಂದು ಬುಟ್ಟಿ ಬಾಳೆಹಣ್ಣು ಹತ್ತಿದೆವು. ಅಪ್ಪ ಸಾಬರಿಗೆ ಮನೆಯ ಗುರುತು ಹೇಳಿದರು.

ಊರೊಳಗೆ ಹೋಗುವ ದಾರಿಯಲ್ಲಿ ಒಂದು ದಿಣ್ಣೆ. ನಮ್ಮದು ಎತ್ತಿನಗಾಡಿ ಹೊಡೆದ ವಂಶ. ಏರು ಬಂತೆಂದರೆ ಗಾಡಿಯಲ್ಲಿದ್ದವರು ಇಳಿದು ನಡೆಯಬೇಕು, ಇದು ನಮ್ಮ ಕಡೆ ಪದ್ಧತಿ. ಅಪ್ಪ ತಟಕ್ಕನೆ ಧುಮುಕಿ, "ಇಳೀರ್ಲಾ ಎಲ್ರೂ! ಮೂಕಪ್ರಾಣಿ, ಅದ್ಕೇನು ಬಾಯಿ ಐತಾ?" ಎಂದು ಗದರಿದರು.

"ಬೈಠೋ ಗೌಡ್ರೇ, ನಮ್ದು ಕುದ್ರೆ ಜೋರೈತೆ" ಎಂದು ಸಾಬರು ಬೇಡಿಕೊಂಡರೂ ಕೇಳಲಿಲ್ಲ. ಅಪ್ಪ ಗಾಡಿಗೆ ಹೆಗಲೂ ಕೊಟ್ಟು ನೂಕಿದರು. ಭಾರ ಇಳಿದ ಕುದುರೆ ದಿಣ್ಣೆ ಹತ್ತಿ ದೌಡಾಯಿಸಿತು, ಸಾಬರ ಲಗಾಮಿಗೂ ನಿಲ್ಲಲಿಲ್ಲ.

ನಾವು ದಾರಿ ಕೇಳುತ್ತಾ, ಬೆವರು ಸುರಿಸುತ್ತಾ ಆ ಮನೆ ಮುಟ್ಟುವ ಹೊತ್ತಿಗೆ ರಾಹುಕಾಲ ಶುರುವಾಗಿತ್ತು. "ಇನ್ನೊಂದು ದಿನ ಬನ್ನಿ" ಅಂದರು ಹುಡುಗಿಯ ತಂದೆ. ಒಳ್ಳೆಯ ಗಳಿಗೆಯಲ್ಲಿ ಹುಡುಗಿಯ ಮನೆ ಸೇರಿದ್ದು ಗಾಡಿಯಲ್ಲೇ ಉಳಿದಿದ್ದ ಬಾಳೆಹಣ್ಣು ಮಾತ್ರ.

ಎರಡನೇ ಸಲ

ಏನೇ ಆದರೂ ಇಳಿಯಕೂಡದು ಎಂದು ಅಪ್ಪನಿಂದ ಆಣೆ ಮಾಡಿಸಿಕೊಂಡು ಹೊರಟೆ. ಅದೇ ಸಾಬರು, ಅದೇ ಕುದುರೆ. ದಿಣ್ಣೆ ಬಂತು. ಅಪ್ಪ ಇಳಿಯಲಿಲ್ಲ. ಆದರೆ ಎರಡೂ ಕೈಯಲ್ಲಿ ಮೇಲಿನ ಕಮಾನು ಹಿಡಿದು, ಉಸಿರು ಬಿಗಿಹಿಡಿದು, ಕುಂಡೆ ಎತ್ತಿಕೊಂಡು ನೇತಾಡುತ್ತಿದ್ದರು.

"ಇದೇನಪ್ಪಾ?" ಅಂದೆ.

"ಸುಮ್ಕಿರ್ಲಾ, ಭಾರ ಕಮ್ಮಿ ಮಾಡ್ತಿವ್ನಿ."

ಅವತ್ತು ಹೆಣ್ಣು ನೋಡಿದ್ದಾಯಿತು. ಆಕೆ ಕಾಫಿ ಲೋಟ ಕೊಡುವಾಗ ನನ್ನನ್ನು ಒಮ್ಮೆ ದಿಟ್ಟಿಸಿ ಒಳಗೆ ಹೋದಳು. ಎರಡೂ ಕಡೆ ಒಪ್ಪಿಗೆ, ಮುಂದಿನ ಸಲ ತಾಂಬೂಲ ಬದಲಾಯಿಸುವುದೆಂದು ಮಾತಾಯಿತು. ನೇತಾಡಿ ನೇತಾಡಿ ಅಪ್ಪನ ತೋಳು ಹಿಡಿದುಕೊಂಡಿದ್ದರಿಂದ ಅವರಿಗೆ ಉಪ್ಪಿಟ್ಟನ್ನು ಮಾತ್ರ ಸೋದರಮಾವನೇ ತಿನ್ನಿಸಬೇಕಾಯಿತು.

ಮೂರನೇ ಸಲ

ತಾಂಬೂಲದ ದಿನ ಮರ್ಯಾದೆಗೆಂದು ಹುಡುಗಿಯ ತಂದೆಯೇ ಅದೇ ಸಾಬರ ಜಟಕಾ ಮಾಡಿಕೊಂಡು ಬಸ್ಸಿನ ಹತ್ತಿರ ಬಂದಿದ್ದರು. ಜರಿಶಾಲು, ದಪ್ಪ ದೇಹ. ಅವರು, ಮಾವ, ನಾನು ಹಿಂದೆ ಕೂತೆವು. ಅಪ್ಪ ಮುಂದೆ, ಸಾಬರ ಪಕ್ಕ. ಅಷ್ಟರಲ್ಲಿ ಅವರಿಬ್ಬರೂ ಗೆಳೆಯರಾಗಿಬಿಟ್ಟಿದ್ದರು.

ದಿಣ್ಣೆ ಹತ್ತಿರವಾಯಿತು. ಅಪ್ಪನ ಕತ್ತು ಕೆಂಪಾಗತೊಡಗಿತು. ಅರ್ಧ ಏರಿನಲ್ಲಿ, "ಬುಡಪ್ಪ, ನನ್ ಕೈಲಾಗಲ್ಲ" ಎಂದು ಧುಮುಕಿಯೇಬಿಟ್ಟರು. "ಸಾಬ್ರೇ, ನೀವೂ ಇಳೀರಿ!" ಅಂದರು. ಗೆಳೆಯನ ಮಾತು, ಸಾಬರೂ ಇಳಿದರು.

ಮುಂದಿನ ಭಾರವೆಲ್ಲ ಹೋಯಿತು. ಗಾಡಿ ಹಿಂದಕ್ಕೆ ವಾಲಿ, ಕುದುರೆಯ ಮುಂಗಾಲು ನೆಲ ಬಿಟ್ಟಿತು. ನಾವು ಮೂವರೂ ಹಾಸಿದ್ದ ಹುಲ್ಲಿನ ಸಮೇತ ಜಾರಿ, ನಡುಬೀದಿಯಲ್ಲಿ ಬಿದ್ದೆವು. ಅಂಗಡಿಗಳವರು ಗೊಳ್ಳೆಂದರು.

ಅಪ್ಪ ಓಡಿಬಂದು, "ಅಯ್ಯೋ ದೇವ್ರೇ, ಎಲ್ಲಾದ್ರೂ ಪೆಟ್ಟಾಯ್ತೇನಪ್ಪಾ?" ಎಂದು ಕೇಳಿದರು.

ಹುಡುಗಿಯ ತಂದೆ ಮಣ್ಣು ಕೊಡವಿಕೊಳ್ಳುತ್ತಾ, "ಇಲ್ಲ, ಸೊಂಟ ಸ್ವಲ್ಪ..." ಅಂದರು.

ಅಪ್ಪ ತಿರುಗಿಯೂ ನೋಡಲಿಲ್ಲ. "ನಿಮ್ಮನ್ನಲ್ಲ ಬೀಗ್ರೇ, ಕುದ್ರೇನ ಕೇಳ್ದೆ" ಅಂದು ಅದರ ಕಾಲು ನೀವತೊಡಗಿದರು.

ಅವರು ಶಾಲು ಎತ್ತಿಕೊಂಡು ನಡೆದೇ ಮನೆಗೆ ಹೋದರು. ನಾವು ಹಿಂದೆ ಹೋದರೆ ಬಾಗಿಲು ಹಾಕಿತ್ತು. ಕುದುರೆಗಿಂತ ಕಡೆಯಾಗಿ ಬೀಗರನ್ನು ಕಾಣುವ ಮನೆಗೆ ಹೆಣ್ಣು ಕೊಡುವುದಿಲ್ಲ ಎಂದು ಒಳಗಿನಿಂದಲೇ ಹೇಳಿಸಿದರು. ಆಕೆಯ ಮುಖ ನನಗೆ ಕಾಣಲೂ ಇಲ್ಲ. ಈ ಕಥೆ ಹೇಳಿ ಎಷ್ಟು ಜನರನ್ನು ನಗಿಸಿದ್ದೇನೋ, ಆದರೆ ಆ ಬಾಗಿಲಿನ ಹತ್ತಿರ ಬಂದಾಗ ಇವತ್ತಿಗೂ ಬೇಗಬೇಗ ಹೇಳಿ ದಾಟಿಬಿಡುತ್ತೇನೆ.

ಬಸ್ಸು ಶಿರಾ ದಾಟಿತು. ಅಪ್ಪ ನನ್ನ ತೊಡೆ ತಟ್ಟಿ, "ನಿಂಗೆ ಬೇರೆ ಹೆಣ್ಣು ಸಿಕ್ತಾಳೆ ಕಣ್ಲಾ. ಆ ಕುದ್ರೆ ಕಾಲು ಮುರ್ದಿದ್ರೆ ಬೇರೆ ಕಾಲು ಸಿಗ್ತಿತ್ತಾ?" ಅಂದರು.

ಸಿಗುತ್ತಿರಲಿಲ್ಲ ಎಂದೆ. ನನಗೆ ಬೇರೆ ಹೆಣ್ಣು ಬೇಕಿರಲಿಲ್ಲ.