ಫ್ಯಾಟ್ ಮಿಷಿನ್ ರಿಪೇರಿಯ ಕ್ರಮವನ್ನು ಕುರಿತು

ಪೂರಿಗಾಲಿ ದಾಟಿ ಸಿಗುವ ನಮ್ಮೂರಿನ ಹಾಲಿನ ಡೈರಿಯಲ್ಲಿ, ಟವೆಲ್ ಹೊದ್ದು ವಿಶ್ರಮಿಸುತ್ತಿರುವ ಫ್ಯಾಟ್ ಮಿಷಿನ್‌ನವರ ಸನ್ನಿಧಾನಕ್ಕೆ,

ಮಾನ್ಯರೇ,

ಸಾಷ್ಟಾಂಗ ನಮಸ್ಕಾರಗಳು. ತಮ್ಮ ಅನಾರೋಗ್ಯದ ಕಥೆಯನ್ನು ಮೊದಲು ಹೇಳಿದವರು ಚಿಕ್ಕಬೋರಮ್ಮನವರು. ಹೇಳಿದ್ದು ಇಂದು, ಗೌರಿ ಹಬ್ಬದ ಮುನ್ನಾದಿನ ಸಂಜೆ, ಡೈರಿ ಜಗಲಿಯ ಮೇಲೆ, ಹಾಲು ಹಾಕಲೊಲ್ಲದೆ ತುಂಬಿದ ಕ್ಯಾನನ್ನು ಸೊಂಟಕ್ಕಿಟ್ಟುಕೊಂಡು. ಅದನ್ನೇ, ಬೈಗುಳ ಸೋಸಿ, ತಮ್ಮ ಮುಂದಿಡುತ್ತಿದ್ದೇನೆ.

ತಾವು ಚೆನ್ನಾಗಿದ್ದಾಗ ಯಾರ ಹಾಲಿನಲ್ಲಿ ಎಷ್ಟು ಜಿಡ್ಡು, ಎಷ್ಟು ಬೋರ್‌ವೆಲ್ ಎಂದು ಮುಖ ನೋಡದೆ ಹೇಳಿಬಿಡುತ್ತಿದ್ದಿರಿ. ಬೋರಮ್ಮನವರ ಎಮ್ಮೆ ಹೋಬಳಿಗೆಲ್ಲ ಹೆಸರಾದದ್ದು ತಾವು ತೋರಿಸಿದ ಅಂಕಿಯಿಂದಲೇ. ತಾವು ಕಣ್ಣು ಮುಚ್ಚಿದ್ದೇ ತಡ, ಎಲ್ಲರ ಹಾಲಿಗೂ ಒಂದೇ ದರ್ಜೆ, ಒಂದೇ ದರವಾಯಿತು. ಯಾವ ಸರ್ಕಾರವೂ ತರಲಾಗದ ಸಮಾನತೆಯನ್ನು ತಾವು ಮಲಗಿಕೊಂಡೇ ತಂದಿರಿ.

ತಮ್ಮನ್ನು ಗುಣಪಡಿಸಲು ಡೈರಿಯ ಅಧ್ಯಕ್ಷರಾದ ಪುಟ್ಟರಾಜು ಅವರು ರಿಪೇರಿ ಸಮಿತಿ ಮಾಡಿದ್ದಾರೆ. ಹಿಂದೆ ತಾವು ಹಾಲಿನಲ್ಲಿ ನೀರು ಕಂಡುಹಿಡಿದಿದ್ದ ಮನೆಯವರೇ ಅದರಲ್ಲಿ ತುಂಬಿರುವುದು ಕೇವಲ ಕಾಕತಾಳೀಯ. ಸಿಕ್ಕಲ್ಲಿ ಕೈಹಾಕಬಾರದು, ದೂರದಿಂದ ಹತ್ತಿರಕ್ಕೆ ಒಂದೊಂದೇ ಪರೀಕ್ಷಿಸುತ್ತ ಬರಬೇಕೆಂಬುದು ಅವರ ಕ್ರಮ. ಆ ಪ್ರಕಾರ ಬೀದಿಯ ಕರೆಂಟು ಕಂಬದಿಂದ ಶುರುಮಾಡಿದರು, ಕಂಬ ನೆಟ್ಟಗಿತ್ತು. ವೈರು ಬದಲಿಸಿದರು. ಸ್ಟೆಬಿಲೈಜರನ್ನು ಮಂಡ್ಯಕ್ಕೆ ಕರೆದೊಯ್ದು, ದಾರಿಯಲ್ಲದ ಮದ್ದೂರಿನಲ್ಲಿ ವಡೆ ತಿಂದು, ಸುಖವಾಗಿ ವಾಪಸ್ ತಂದರು. ತಾವು ಕೂತಿರುವ ಮರದ ಮೇಜಿನ ಕಾಲಿಗೂ ಟೆಸ್ಟರ್ ಇಟ್ಟರು. ಹಾಲು ಹೀರುವ ತಮ್ಮ ಕೊಳವೆಯಲ್ಲಿ ಕೆನೆ ಕಟ್ಟಿಕೊಂಡಿರುವ ವಾಸನೆ ಜಗಲಿಗೇ ಬರುತ್ತದೆ. ಆದರೆ ಕ್ರಮದಲ್ಲಿ ಅದರ ಸರದಿ ಕೊನೆಯದು, ಸರದಿ ಬಂತೆನ್ನುವಾಗಲೆಲ್ಲ ಯಾರಿಗೋ ಕಂಬದ ಮೇಲೆ ಮತ್ತೆ ಅನುಮಾನ.

ಕಥೆ ಮುಗಿಸಿ, ಅಲ್ಲೇ ಇದ್ದ ಅಧ್ಯಕ್ಷರತ್ತ ತಿರುಗಿ, "ಬಿಸ್ನೀರು ಉಯ್ದು ತೊಳೀರ್ಲಾ" ಎಂದರು ಬೋರಮ್ಮ. "ತಡಿ ಅತ್ತೆ, ರಿಪೇರಿಗೂ ಒಂದು ಕ್ರಮ ಐತೆ" ಎಂದರು ಅಧ್ಯಕ್ಷರು. "ಐತೆ ಕಣ್ಲಾ, ನಿಮ್ಮನೇಲಿ ಆಲಿಗೆ ನೀರು ಬೆರೆಸಾಕೂ ಒಂದು ಕ್ರಮ ಐತೆ! ನನ್ನೆಮ್ಮೆ ಮಾನ ಅದ್ರೊಳಕ್ಕೆ ಉಯ್ಯಾಕಿಲ್ಲ, ಓಗು" ಎಂದು ಅವರು ಕ್ಯಾನು ಎತ್ತಿಕೊಂಡು ಮನೆಗೆ ನಡೆದರು.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ: ಗುಣವಾಗಲು ಮನಸ್ಸಿಲ್ಲದಿದ್ದರೆ, ನೀರುನೀರಾದ ಹಾಲು ಕೊಡುವಂತೆ ಆ ಎಮ್ಮೆಗೆ ತಾವೇ ಬುದ್ಧಿ ಹೇಳಬೇಕು; ಅದೂ ಆಗದಿದ್ದರೆ ಸಮಿತಿಯವರ ಮನೆಗಳಿಗೆ ಬಿಜಯಂಗೈದು, ಅವರು ಮನೆಮಂದಿಗೆಂದು ನೀರು ಬೆರೆಸದೆ ಉಳಿಸಿಕೊಳ್ಳುವ ಹಾಲಿನ ಅಂಕಿಯನ್ನಾದರೂ ತೋರಿಸಬೇಕು.

ಕ್ಯಾನು ಹಿಡಿದು ಸಾಲಿನಲ್ಲೇ ನಿಂತಿರುವ, ತಮ್ಮ ವಿಶ್ವಾಸಿ,
ಚಿಕ್ಕಮಾದು

ವಿ.ಸೂ.: ಈ ಪತ್ರ ತಮಗೆ ತಲುಪುವ ಮೊದಲೇ ಬೆಳಗಾಯಿತು. ಜಗಲಿಯಲ್ಲಿ ಕಥೆ ಕೇಳಿದ್ದ ಹೆಂಗಸರೆಲ್ಲ ಹಾಲಿನ ಜೊತೆಗೆ ಒಂದೊಂದು ಚೊಂಬು ಬಿಸಿನೀರು ತಂದು ತಮಗೆ ಕುಡಿಸಿದರು, ತಾವು ಕಣ್ಣುಬಿಟ್ಟಿರಿ, ಬೋರಮ್ಮನವರ ಎಮ್ಮೆಗೆ ಅದರ ಅಂಕಿ ಮರಳಿ ಸಿಕ್ಕಿತು. ಸಮಿತಿಯ ಮನೆಗಳಿಂದ ಮಾತ್ರ ಒಂದು ತೊಟ್ಟು ಹಾಲೂ ಬರಲಿಲ್ಲ. ಅವರ ಹಸುಗಳೆಲ್ಲ ಒಟ್ಟಿಗೇ ಬತ್ತಿಹೋದವಂತೆ. ಕಾರಣ ಹುಡುಕಲು ಸಮಿತಿಯವರು ಕ್ರಮಪ್ರಕಾರ, ಹಸು ಕಟ್ಟುವ ಗೂಟದಿಂದ ಶುರುಮಾಡಿದ್ದಾರೆ.