ಕಡವೆಗೊಂದು ಬಂಪರ್

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಕಾರಿಗೆ ಕಡವೆ ಅಡ್ಡ ಬರುವುದು ಸುದ್ದಿಯಲ್ಲ. ಅಡ್ಡ ಬಂದ ಮೇಲೆ ಮನುಷ್ಯರು ಮಾಡುವುದೇ ಸುದ್ದಿ, ಮತ್ತು ಅದು ಮುಗಿಯುವ ಲಕ್ಷಣ ಕಾಣುವುದಿಲ್ಲ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಎರಡು ವಸ್ತುಗಳು ಡಿಕ್ಕಿ ಹೊಡೆದರೆ ಏನಾಗುತ್ತದೆ ಎಂದು ಪ್ರತಿವರ್ಷ ಬೋರ್ಡಿನ ಮೇಲೆ ಬರೆದು ತೋರಿಸುವವನು. ಆದ್ದರಿಂದ ಈ ವಿಷಯದಲ್ಲಿ ನನ್ನನ್ನು ಯಾರೂ ಏನೂ ಕೇಳುವುದಿಲ್ಲ.

ಎಡಗಣ್ಣು

ನನ್ನ ಹೆಂಡತಿ ನರ್ಸ್. ನಾವಿರುವುದು ಸಾಗರದಲ್ಲಿ. ಅವಳ ಆಸ್ಪತ್ರೆ ಇರುವುದು ಹೊಸನಗರದ ದಾರಿಯಲ್ಲಿ ಸಿಗುವ ಒಂದು ಹಳ್ಳಿಯಲ್ಲಿ. ನಡುವೆ ಕಾಡು. ಬೆಳಕು ಹರಿಯುವ ಹೊತ್ತಿಗೆ ಅವಳು ಪುಟ್ಟ ಕಾರು ತೆಗೆದುಕೊಂಡು ಹೊರಡುತ್ತಾಳೆ. ಕಡವೆಗಳು ರಸ್ತೆ ದಾಟುವುದೂ ಅದೇ ಹೊತ್ತಿಗೆ.

ಒಂದು ದಿನ ಬೆಳಿಗ್ಗೆ ಫೋನ್ ಮಾಡಿದಳು. "ಕಾರಿನ ಎಡಗಣ್ಣು ಹೋಯ್ತು."

"ಅಂದ್ರೆ?"

"ಹೆಡ್‌ಲೈಟು. ಕಡವೆ ಗುದ್ತು."

"ನಿನಗೇನಾದ್ರೂ ಆಯ್ತಾ?"

"ನನ್ನವು ಎರಡೂ ಇವೆ."

"ಕಡವೆಗೆ?"

"ಏನೂ ಆಗ್ಲಿಲ್ಲ. ಸ್ವಲ್ಪ ದೂರ ಹೋಗಿ ನಿಂತು ಹಿಂದೆ ತಿರುಗಿ ನೋಡ್ತು. ನನ್ನ ಡ್ರೈವಿಂಗ್ ಅದಕ್ಕೆ ಹಿಡಿಸಿದ ಹಾಗಿಲ್ಲ."

ಇದನ್ನು ಹೇಳುವ ಮೊದಲು ಅವಳು ಆಸ್ಪತ್ರೆ ತಲುಪಿ, ಇಬ್ಬರಿಗೆ ಇಂಜೆಕ್ಷನ್ ಕೊಟ್ಟು, ಚಹಾ ಕುಡಿದಿದ್ದಳು. ನಾನು ಸಾಮಾನ್ಯವಾಗಿ ಯಾರನ್ನೂ ಮೆಚ್ಚುವವನಲ್ಲ. ಅವತ್ತು ಮೆಚ್ಚಿದೆ. ಹೇಳಲಿಲ್ಲ.

ಅಮ್ಮ ಮಾತ್ರ ಸಂಜೆ ಅವಳು ಬರುವವರೆಗೂ ಗೇಟಿನ ಹತ್ತಿರವೇ ನಿಂತಿದ್ದಳು. ಬಂದ ಕೂಡಲೇ ತೀರ್ಪು ಹೊರಬಿತ್ತು. "ಅಪ್ಪಿ, ಆ ಕಾರಿಗೆ ಮುಂದ್ಗಡೆ ಒಂದು ಗಟ್ಟಿ ಬಂಪರ್ ಹಾಕ್ಸು. ಇಲ್ದಿದ್ರೆ ಕೂಸು ಕೆಲ್ಸಕ್ಕೆ ಹೋಪದು ಬ್ಯಾಡ."

"ಕೆಲ್ಸ ಬಿಡಲ್ಲ ಅತ್ತೆ," ಅಂದಳು ನನ್ನ ಹೆಂಡತಿ. ಆ ಆಸ್ಪತ್ರೆ ಬಿಟ್ಟು ಬೇರೆ ಕಡೆ ಹೋಗುವ ಮಾತು ಎತ್ತಿದರೆ ಅವಳು ನನ್ನ ಜೊತೆಗೂ ಮಾತು ಬಿಡುತ್ತಾಳೆ.

"ಹಂಗಾರೆ ಬಂಪರ್. ಮಳೆಗಾಲ ಹಿಡಿಯದ್ರೊಳಗೆ."

ಬಂಪರ್ ಆರಿಸುವ ಹೊಣೆ ನನಗೆ ಬಿತ್ತು. ಮನೆಯಲ್ಲಿ ಕೆಲಸವಿಲ್ಲದವನು ನಾನೊಬ್ಬನೇ ಎಂಬುದು ಇಬ್ಬರ ಅಭಿಪ್ರಾಯ. ಅವರಿಬ್ಬರೂ ಒಮ್ಮತಕ್ಕೆ ಬಂದ ಮೊದಲ ವಿಷಯ ಅದೇ ಇರಬೇಕು.

ಬಿಚ್ಚುವ ಬಂಪರ್

ಮೊದಲು ಸಾಗರದ ಒಂದು ಗ್ಯಾರೇಜಿಗೆ ಹೋದೆ. ಗ್ಯಾರೇಜಿನವನು ಗೋಡೆಗೆ ಒರಗಿಸಿಟ್ಟ, ಬಂಪರಿನ ಮುಂದೆ ಕೂರಿಸುವ ಕಬ್ಬಿಣದ ಗಾರ್ಡುಗಳನ್ನು ಒಂದೊಂದಾಗಿ ತೋರಿಸಿದ. ಒಂಟಿ ಪೈಪು, ಜೋಡಿ ಪೈಪು, ಎಮ್ಮೆಯ ಕೋಡಿನ ಹಾಗೆ ಮೇಲೆ ಬಾಗಿದ್ದು. ಎಲ್ಲದಕ್ಕೂ ಹೊಳಪು.

"ಇದನ್ನ ಹಾಕೋದು ಕಾನೂನಿಗೆ ವಿರುದ್ಧ ಅಲ್ವಾ?" ಕೇಳಿದೆ.

"ವಿರುದ್ಧ ಸರ್."

"ಮುಂದೆ ಕಬ್ಬಿಣ ಇದ್ರೆ ಡಿಕ್ಕಿಯಾದಾಗ ಏರ್‌ಬ್ಯಾಗು ಸರಿಯಾಗಿ ತೆರೆಯೋದಿಲ್ಲ ಅಂತಾರೆ."

"ಅಂತಾರೆ ಸರ್."

"ದಾರೀಲಿ ಹೋಗೋರಿಗೆ ತಾಗಿದ್ರೆ ಅವರ ಕಾಲು ಮುರಿಯುತ್ತೆ."

"ಮುರಿಯುತ್ತೆ ಸರ್."

ಇಷ್ಟು ಪ್ರಾಮಾಣಿಕ ವ್ಯಾಪಾರಿಯನ್ನು ನಾನು ಕಂಡಿರಲಿಲ್ಲ. "ಮತ್ತೆ ಯಾಕೆ ಮಾರ್ತೀರಿ?" ಎಂದೆ.

"ಅದಕ್ಕೇ ಸರ್, ನಮ್ಮದು ಬಿಚ್ಚೋ ಮಾಡೆಲ್ಲು." ಅವನ ಮುಖದಲ್ಲಿ ಸಂಶೋಧಕನ ಕಳೆ ಬಂತು. "ಎರಡು ನಟ್ಟು ಅಷ್ಟೇ. ಪೋಲೀಸರು ನಿಲ್ಲೋ ಜಾಗ ಬಂತಾ, ಇಳಿದು ಬಿಚ್ಚಿ, ಡಿಕ್ಕೀಲಿ ಹಾಕಿ."

"ಕಡವೆ ಬಂದ್ರೆ?"

"ಆಗ ತೆಗೆದು ಹಾಕ್ಕೊಳ್ಳಿ ಸರ್."

ಗೇಟು

ನನ್ನ ಹೆಂಡತಿಯ ತವರು ತೀರ್ಥಹಳ್ಳಿ. ಅಲ್ಲಿ ಅವಳ ಅಣ್ಣನ ಹಳೆಯ ಜೀಪಿದೆ. ಅದರ ಮುಂದಿನ ಗಾರ್ಡಿನ ಖ್ಯಾತಿ ಆಗುಂಬೆಯವರೆಗೂ ಇದೆ ಎಂದು ಅವನೇ ಹೇಳುತ್ತಾನೆ. ಭಾನುವಾರ ಇಬ್ಬರೂ ನೋಡಲು ಹೋದೆವು.

ನೋಡಿದರೆ ಮನೆಯ ಗೇಟು. ಹೋಲಿಕೆಯಲ್ಲ, ಗೇಟೇ. ಹಳೆಯ ಗೇಟು ಬದಲಾಯಿಸಿದಾಗ ಉಳಿದದ್ದನ್ನು ವೆಲ್ಡಿಂಗ್ ಮಾಡಿಸಿ ಜೀಪಿನ ಮುಂದೆ ಕೂರಿಸಿದ್ದ. ಆ ಭಾರಕ್ಕೆ ಜೀಪು ಏನೋ ಕಳೆದುಕೊಂಡು ನೆಲದ ಮೇಲೆ ಹುಡುಕುವವರ ಹಾಗೆ ಮುಂದಕ್ಕೆ ಬಗ್ಗಿ ನಿಂತಿತ್ತು.

"ಚಿಲಕ ಯಾಕೆ ಬಿಟ್ಟಿದೀಯ ಭಾವ?" ಕೇಳಿದೆ.

"ಬಾನೆಟ್ ತೆಗೀಬೇಕಾದ್ರೆ ಮೊದ್ಲು ಗೇಟು ತೆಗೀಬೇಕಲ್ಲ ಮಾರಾಯ."

ಮುಟ್ಟಿ ನೋಡಿದೆ. ಒಪ್ಪಲೇಬೇಕು, ಅಲುಗಲಿಲ್ಲ. ಕಡವೆಯಲ್ಲ, ಕಾಡುಕೋಣ ಬಂದರೂ ಕರೆಗಂಟೆ ಹುಡುಕಬೇಕಾಗಿತ್ತು. ಒಂದು ಸುತ್ತು ಹಾಕಿ ಎಡಗಡೆಗೆ ಬಂದರೆ ಬಾಗಿಲು ಪೂರ್ತಿ ಒಳಗೆ ಹೋಗಿತ್ತು. ಸೀಟಿನ ಮೇಲೆ ಯಾರೋ ಮೊಣಕೈ ಊರಿ ಕೂತ ಹಾಗೆ.

"ಇದೇನು?"

ಭಾವ ಗಂಟಲು ಸರಿಮಾಡಿಕೊಂಡ. "ಕಡವೆ."

"ಗಾರ್ಡ್ ಇತ್ತಲ್ಲ?"

"ಗಾರ್ಡ್ ಮುಂದೆ ಇತ್ತು. ಅದು ಪಕ್ಕದಿಂದ ಬಂತು."

ನನ್ನ ಹೆಂಡತಿ ಬಾಗಿಲನ್ನೂ ಗೇಟನ್ನೂ ನೋಡಿ ಹೇಳಿದಳು. "ಅಣ್ಣ, ಗೇಟು ಹಾಕಿದ್ರೆ ಬೇಲಿ ಕಡೆಯಿಂದ ನುಗ್ಗಬೇಕು ಅಂತ ನಮ್ಮನೆ ದನಕ್ಕೂ ಗೊತ್ತಿತ್ತು. ಕಡವೆಗೆ ಗೊತ್ತಿರಲ್ವಾ?"

ಅವತ್ತು ಊಟಕ್ಕೆ ಬಂಗುಡೆ ಸಾರು. ಅವಳ ತವರಿನಲ್ಲಿ ಮೀನಿಲ್ಲದ ಭಾನುವಾರವಿಲ್ಲ. ನಮ್ಮ ಮನೆಯಲ್ಲಿ, ಪಂಚಾಂಗದ ರಾಶಿಯನ್ನು ಬಿಟ್ಟರೆ, ಮೀನು ಎಂಬ ಪದದ ಬಳಕೆಯೇ ಇಲ್ಲ. ಅವಳು ಸಾಗರದಲ್ಲಿ ಮೀನು ಮುಟ್ಟುವುದಿಲ್ಲ, ಅಮ್ಮ ತೀರ್ಥಹಳ್ಳಿಯ ಊಟದ ಬಗ್ಗೆ ಕೇಳುವುದಿಲ್ಲ. ನಮ್ಮ ಮನೆಯ ಶಾಂತಿ ನಿಂತಿರುವುದು ಈ ಒಪ್ಪಂದದ ಮೇಲೆ. ಬಂಪರಿಗೂ ಇದಕ್ಕೂ ಸಂಬಂಧವಿದೆ, ಮುಂದೆ ಬರುತ್ತದೆ.

ಕೊರಳ ಗಂಟೆ

ಆಸ್ಪತ್ರೆಗೆ ಬರುವ ಒಬ್ಬ ಅಜ್ಜಿ ಕಾರಿನ ಒಡೆದ ಕಣ್ಣು ನೋಡಿ ಮರುಗಿ, ತಮ್ಮ ಕೊಟ್ಟಿಗೆಯಿಂದ ಒಂದು ಮರದ ಗಂಟೆ ತಂದುಕೊಟ್ಟರು. ಮೇಯಲು ಬಿಡುವ ದನದ ಕೊರಳಿಗೆ ಕಟ್ಟುವಂಥದ್ದು. "ಇದ್ನ ಮುಂದೆ ಕಟ್ಟು ಮಗಾ. ಸದ್ದಿಗೆ ಕಾಡುಪ್ರಾಣಿ ಓಡಿಹೋಗ್ತವೆ."

ನನ್ನ ಹೆಂಡತಿ ಕಟ್ಟಿದಳು. ರೋಗಿಗಳು ಕೊಟ್ಟದ್ದನ್ನು ಬೇಡವೆನ್ನುವ ಅಭ್ಯಾಸ ಅವಳಿಗಿಲ್ಲ.

ಮರುದಿನ ಬೆಳಿಗ್ಗೆ ರಸ್ತೆಯ ಪಕ್ಕದಲ್ಲೇ ಜಿಂಕೆಯ ಹಿಂಡು ಮೇಯುತ್ತಿತ್ತು. ಲೊಟ ಲೊಟ ಸದ್ದು ಕೇಳಿ ತಲೆಯೆತ್ತಿದವು. ನೋಡಿದವು. ಮತ್ತೆ ಮೇಯತೊಡಗಿದವು. ಅವು ಹುಟ್ಟಿದಾಗಿನಿಂದ ಆ ಸದ್ದಿನ ಪಕ್ಕದಲ್ಲೇ ಮೇದು ಬೆಳೆದವು. ಅವುಗಳಿಗೆ ಇದು ಸ್ವಲ್ಪ ಹೊಳೆಯುವ ಒಂದು ದನ, ಅಷ್ಟೆ. ರಸ್ತೆ ಬಿಟ್ಟುಕೊಡುವ ಕಾರಣವೇ ಇರಲಿಲ್ಲ. ಅವಳು ಕಾರು ನಿಲ್ಲಿಸಿ, ಅವು ಮುಗಿಸುವವರೆಗೆ ಕಾದಳು.

ದನಗಳ ಎಣಿಕೆ ಬೇರೆ ಇತ್ತು. ಹಳ್ಳಿ ಹತ್ತಿರ ಬಂದಂತೆ, ಬೆಳಿಗ್ಗೆ ಬಿಟ್ಟಿದ್ದ ದನಗಳು ಒಂದೊಂದಾಗಿ ಈ ಗಂಟೆಯ ಹಿಂದೆ ಸೇರಿಕೊಂಡವು. ಅವಳು ನಿಧಾನ ಮಾಡಿದರೆ ನಿಧಾನ, ಜೋರು ಮಾಡಿದರೆ ಓಟ. ಕಾರು ಆಸ್ಪತ್ರೆಯ ಅಂಗಳಕ್ಕೆ ತಿರುಗಿದಾಗ ಹಿಂದೆ ಒಂದು ದೊಡ್ಡಿಯೇ ತಿರುಗಿತು.

ಡಾಕ್ಟರು ಬಾಗಿಲಿಗೆ ಬಂದು ನೋಡಿದರು. ಒಳ್ಳೆಯ ಮನುಷ್ಯ, ಧ್ವನಿ ಏರಿಸಲಿಲ್ಲ. "ಸಿಸ್ಟರ್, ಇವರೆಲ್ಲ ಚೀಟಿ ಮಾಡ್ಸಿದಾರಾ?"

ವಾಸನೆ

ಈ ನಡುವೆ ಗಂಟೆ ಬಿಚ್ಚಿಟ್ಟು ವಾರಗಳು ಕಳೆದವು. ನಾನು ಯಾವ ಬಂಪರನ್ನೂ ಆರಿಸಲಿಲ್ಲ. ನನಗೆ ಯಾವುದರ ಮೇಲೂ ನಂಬಿಕೆ ಬರಲಿಲ್ಲ. "ನಿಧಾನ ಹೋಗು" ಎಂಬ ಒಂದೇ ವೈಜ್ಞಾನಿಕ ಸಲಹೆ ಕೊಟ್ಟಿದ್ದೆ. ಅದಕ್ಕೆ ಸಿಕ್ಕ ಉತ್ತರ, "ಕಡವೆಗೂ ಒಂದು ಮಾತು ಹೇಳಿ."

ಆಶ್ಚರ್ಯವೆಂದರೆ ಕಾರಿಗೆ ಒಂದು ಗೀರೂ ಬೀಳಲಿಲ್ಲ. ಅವಳು ದಿನಾ ನೆಮ್ಮದಿಯಾಗಿ ಹೋಗಿ ಬರುತ್ತಿದ್ದಳು. ನಾನು ಕಾರಣ ಕೇಳಲಿಲ್ಲ. ಸರಿಯಾಗಿ ನಡೆಯುತ್ತಿರುವುದನ್ನು ಪ್ರಶ್ನೆ ಮಾಡಬಾರದು ಎಂಬಷ್ಟು ವಿಜ್ಞಾನ ಸಂಸಾರ ಕಲಿಸಿದೆ.

ಕಾರಣ ತಂದವರು ಎದುರುಮನೆಯ ನಿವೃತ್ತ ಮೇಷ್ಟ್ರು. ಬೆಳಗಿನ ವಾಕಿಂಗಿನಿಂದ ನೇರ ನಮ್ಮ ಅಂಗಳಕ್ಕೆ ಬಂದು ಅಮ್ಮನ ಹತ್ತಿರ ತಗ್ಗಿದ ದನಿಯಲ್ಲಿ ಹೇಳಿದರು. "ನಾ ಹೇಳ್ದೆ ಅನ್ಬೇಡಿ. ನಿಮ್ಮ ಸೊಸೆ ದಿನಾ ಬೆಳಿಗ್ಗೆ ಮೀನಿನ ಗಾಡಿ ಹತ್ರ ನಿಂತಿರ್ತು."

ಅಮ್ಮ ಸಂಜೆ ಕಾರು ಬಂದಾಗ ಹೋಗಿ ಡಿಕ್ಕಿ ತೆರೆದಳು. ಮೂಸಿದಳು. ಹಿಂದಿನ ಸೀಟು ಮೂಸಿದಳು. ಊಟಕ್ಕೆ ಬಡಿಸುವಾಗ ಕೊನೆಗೂ ಕೇಳಿದಳು. "ಕೂಸೇ, ಮೀನಿನವನ ಹತ್ರ ನಿಂಗೆಂತ ಕೆಲ್ಸ?"

ನನ್ನ ಹೆಂಡತಿ ಅನ್ನ ಕಲಸುವುದನ್ನು ನಿಲ್ಲಿಸಲಿಲ್ಲ. "ಮೀನು ತಗೊಳ್ಳೋಕಲ್ಲ ಅತ್ತೆ. ಅವನ ಹಾರ್ನಿಗೆ."

ವಿಷಯ ಇಷ್ಟು. ಮೀನಿನವನು ಸಾಗರದಲ್ಲಿ ಮೀನು ತುಂಬಿಕೊಂಡು ಗೂಡ್ಸ್ ಆಟೋದಲ್ಲಿ ಅದೇ ದಾರಿಯ ಹಳ್ಳಿಗಳಿಗೆ ಹೋಗುತ್ತಾನೆ. ಅವನ ಹಾರ್ನು ಈ ಊರಿನ ಸತ್ತವರಿಗೂ ಪರಿಚಿತ. ಅವನು ಅದನ್ನು ಹಳ್ಳಿಯಲ್ಲಷ್ಟೇ ಅಲ್ಲ, ನಡುವಿನ ಕಾಡಿನಲ್ಲೂ ಬಿಡದೆ ಒತ್ತುತ್ತಾನೆ. "ಕಾಡಲ್ಲಿ ಯಾರಿಗೆ ಮೀನು ಮಾರ್ತೀಯ?" ಎಂದು ಇವಳು ಒಮ್ಮೆ ಕೇಳಿದ್ದಕ್ಕೆ, "ಮಾರಕ್ಕಲ್ಲ ಅಕ್ಕ. ಒತ್ತದಿದ್ರೆ ನಿದ್ದೆ ಬರ್ತದೆ" ಅಂದನಂತೆ. ಆ ಸದ್ದಿಗೆ ರಸ್ತೆಯ ಎರಡೂ ಕಡೆ ಒಂದು ಪ್ರಾಣಿಯೂ ನಿಲ್ಲುವುದಿಲ್ಲ. ಅವನು ಹೊರಡುವವರೆಗೆ ಇವಳು ಕಾದು, ಹಿಂದೆ ಹಿಂದೆ ಹೋಗುತ್ತಾಳೆ.

ಕಡವೆ ಓಡುವುದು ಹಾರ್ನಿಗೋ, ಇವಳು ಉಳಿಯುವುದು ಗೂಡ್ಸ್ ಆಟೋದ ಹಿಂದೆ ಯಾರೂ ವೇಗವಾಗಿ ಹೋಗಲಾರರು ಎಂಬುದಕ್ಕೋ, ವಾದ ಮಾಡಬಹುದು. ನಾನು ಮಾಡಲಿಲ್ಲ. ನಟ್ಟಿಲ್ಲ, ಬೋಲ್ಟಿಲ್ಲ, ಕಾನೂನಿನ ತಕರಾರಿಲ್ಲ, ಏರ್‌ಬ್ಯಾಗಿಗೆ ತೊಂದರೆಯಿಲ್ಲ. ಕಾರಿಗಿಂತ ಒಂದಿಷ್ಟು ಮುಂದೆ ತಾನೇ ಓಡುವ ಬಂಪರ್. ಮೂರು ತಾಲೂಕು ಸುತ್ತಿ ನಾನು ಇಂಥದ್ದನ್ನು ಎಲ್ಲೂ ನೋಡಿರಲಿಲ್ಲ.

ಅಮ್ಮ ಸೌಟು ಕೆಳಗಿಟ್ಟಳು. "ಅವನ ಗಾಡಿಗೂ ನಿನ್ನ ಗಾಡಿಗೂ ಎಷ್ಟು ದೂರ ಇರ್ತು?"

"ವಾಸನೆ ಬರದಷ್ಟು."

"ಹಾರ್ನು ಕೇಳ್ತಾ?"

"ಕೇಳ್ತದೆ."

"ಹಂಗಾರೆ ಅಡ್ಡಿಲ್ಲೆ," ಎಂದು ಅಮ್ಮ ಅವಳಿಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಬಂಪರಿನ ಮಾತು ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಅಮ್ಮನ ಲೆಕ್ಕ

ಮಳೆಗಾಲ ಹಿಡಿಯಿತು. ಒಂದು ದಿನ ಬೆಳಿಗ್ಗೆ ನನ್ನ ಹೆಂಡತಿ ಕೀ ಹಿಡಿದು ಹೊರಬಂದರೆ ಅಮ್ಮ ಗೇಟಿಗೆ ಅಡ್ಡ ನಿಂತಿದ್ದಾಳೆ. "ಹೋಪದು ಬ್ಯಾಡ. ಮೇನ್ ರೋಡಲ್ಲಿ ಹಾರ್ನ್ ಕೇಳಿದ್ದಿಲ್ಲೆ."

"ಅತ್ತೆ, ಇವತ್ತು ಮಕ್ಕಳಿಗೆ ಲಸಿಕೆ ಹಾಕೋ ದಿನ. ಎಲ್ಲ ಬಂದು ಕೂತಿರ್ತಾರೆ."

"ಕೂತ್ಕಳ್ಳಿ. ಮೊದ್ಲು ಮೀನಿನವ ಬರವು, ಆಮೇಲೆ ನೀ ಹೋಗವು."

ಇವಳು ಗಡಿಯಾರ ನೋಡಿದಳು. ಅಮ್ಮ ಗೇಟು ಬಿಡಲಿಲ್ಲ. ಬಿಡದೆಯೇ ಸೆರಗಿನಿಂದ ಫೋನ್ ತೆಗೆದು ಒಂದು ನಂಬರ್ ಒತ್ತಿ ಸ್ಪೀಕರ್ ಹಾಕಿದಳು. ಮೀನಿನವನ ನಂಬರು ಅಮ್ಮನ ಫೋನಿನಲ್ಲಿರುವುದು ನನಗೆ ಆಗಲೇ ಗೊತ್ತಾಗಿದ್ದು.

"ಎಂತಾ ಆತಾ ನಿಂಗೆ? ಇನ್ನೂ ಹೊರಟಿದ್ದಿಲ್ಯಾ?"

"ಅಮ್ಮ, ಮಳೆ ಹಿಡೀತಲ್ಲ. ದೋಣಿ ಕಡಲಿಗೆ ಇಳಿಯೋ ಹಾಗಿಲ್ಲ. ಮೀನೇ ಇಲ್ಲ." ಹಾಸಿಗೆಯಿಂದಲೇ ಮಾತಾಡುತ್ತಿದ್ದ.

ಎದುರುಮನೆಯ ಮೇಷ್ಟ್ರು ಕೊಡೆ ಹಿಡಿದು ವಾಕಿಂಗಿಗೆ ಹೊರಟವರು ನಿಂತರು.

"ಒಣಮೀನು ಹೇಳಿ ಒಂದು ಇರ್ತಲಾ?" ಅಮ್ಮನ ದನಿ ಮಳೆಯ ಮೇಲೂ ಸ್ಪಷ್ಟ ಕೇಳುತ್ತಿತ್ತು.

"ಇರ್ತದೆ ಅಮ್ಮ. ಆದ್ರೆ ಆ ದಾರೀಲಿ ಗಿರಾಕಿ ಕಡ್ಮೆ. ಡೀಸೆಲ್ಲಿಗೂ ಹುಟ್ಟಲ್ಲ."

ಅಮ್ಮ ನನ್ನನ್ನು ನೋಡಿದಳು. ಕಾರಿನ ಹೊಸ ಎಡಗಣ್ಣು ನೋಡಿದಳು. ಕೀ ಹಿಡಿದು ನಿಂತ ಸೊಸೆಯನ್ನು ನೋಡಿದಳು.

"ದಿನಾ ಒಂದು ಕಟ್ಟು ಯನ್ನ ಲೆಕ್ಕಕ್ಕೆ ಬರ್ಕ."

ಆ ಕಡೆ ಅವನು ಎದ್ದು ಕೂತದ್ದು ಕೇಳಿಸಿತು. "ನಿಮ್ಗಾ ಅಮ್ಮ? ಒಣಮೀನಾ?"

"ಹೌದು, ಯಂಗೇಯ. ಮೀನು ನಿನ್ನ ಹತ್ರನೇ ಇರ್ಲಿ. ಯಂಗೆ ಹಾರ್ನ್ ಸಾಕು."

ಸ್ವಲ್ಪ ಹೊತ್ತಿಗೆ ಮೇನ್ ರೋಡಿನಲ್ಲಿ ಹಾರ್ನು ಮೊಳಗಿತು. ಅಮ್ಮ ಗೇಟು ತೆರೆದಳು. ಕಾರು ಹೋಯಿತು. ನಾನು ಗೇಟಿನ ಚಿಲಕ ಹಾಕುತ್ತ, ನಿಂತಲ್ಲೇ ಒಬ್ಬರನ್ನು ಮೆಚ್ಚಿದೆ. ಆ ವರ್ಷ ಅದು ಎರಡನೆಯ ಸಲ.

ಮೇಷ್ಟ್ರು ಅರ್ಧ ಮಾತ್ರ ಕೇಳಿಸಿಕೊಂಡಿದ್ದರು. ಆ ಅರ್ಧ ವಾರದೊಳಗೆ ಬೀದಿಯೆಲ್ಲ ಸುತ್ತಿ, ಕೊನೆಗೆ ನನ್ನ ಕಾಲೇಜಿನ ಸ್ಟಾಫ್‌ರೂಮಿಗೂ ಬಂತು. ಸಂಜೆ ಮನೆಗೆ ಬಂದು ಅಮ್ಮನಿಗೆ ಹೇಳಿದೆ. "ಊರಿಡೀ ಇದೇ ಸುದ್ದಿ. ಆ ಮನೇಲಿ ದಿನಾ ಒಣಮೀನು ತರ್ಸದು ಅತ್ತೆಯಡ. ಸೊಸೆ ತೀರ್ಥಹಳ್ಳಿದಾದ್ರೂ ಪಾಪ, ಕೈಯಲ್ಲೂ ಮುಟ್ತಿಲ್ಲೆಯಡ."

ಅಮ್ಮ ಗೇಟಿನ ಕಡೆ ನೋಡುತ್ತಿದ್ದವಳು ತಲೆ ತಿರುಗಿಸಲಿಲ್ಲ.

"ಹೇಳ್ಲಿ ಬಿಡು. ಕೂಸು ಆಸ್ಪತ್ರೆಯಿಂದ ಹೊರಟ ಬಗ್ಗೆ ಫೋನು ಬಂತಾ?"