ಬಕಲ್ ಹೊರಗಿರ್ಕ್!

ಭಾವನವರು ಮದುವೆಯಾದದ್ದು ನನ್ನ ಅಕ್ಕನನ್ನೋ, ತಮ್ಮ ಪ್ಯಾಡುಗಳನ್ನೋ ಎಂಬುದು ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗದ ವಿಷಯ! ಅರವತ್ತರ ದಶಕದಲ್ಲಿ ಬೊಂಬಾಯಿಯ ಹೋಟೆಲ್ ಕೆಲಸ ಬಿಟ್ಟು ಕುಂದಾಪುರಕ್ಕೆ ಬಂದವರು ತಂದದ್ದು ಸೀರೆಯಲ್ಲ, ಸೆಂಟಲ್ಲ. ಹಾಕಿಯಲ್ಲಿ ಗೋಲು ಕಾಯುವ ಗೋಲಿ ಕಾಲಿಗೆ ಕಟ್ಟುವ ಒಂದು ಜೊತೆ ಪ್ಯಾಡು. ಹೊಸ ಪ್ಯಾಡು ಕಾಲಿಗೆ ಪಳಗಬೇಕಂತೆ. ಹಾಗಾಗಿ ಕಟ್ಟಿಕೊಂಡೇ ಊಟ, ಕಟ್ಟಿಕೊಂಡೇ ಪೇಪರು ಓದುವುದು!

ಕಟ್ಟುವುದೆಂದರೆ ಸುಮ್ಮನೆಯೇ? ತುದಿ ಬೂಟಿನ ಮೇಲೆ ಸರಿಯಾಗಿ ಕೂರಬೇಕು, ಮಂಡಿ ಅದರ ಗೂಡಿನಲ್ಲೇ ಇರಬೇಕು. ಆಮೇಲೆ ಕೂತು, ಎದ್ದು, ಹಾರಿ ನೋಡಬೇಕು. ಎಲ್ಲಕ್ಕಿಂತ ದೊಡ್ಡ ಶಾಸ್ತ್ರ ಪಟ್ಟಿಯ ಬಕಲಿನದು. ಭಾವನವರು ನನಗೆ ದಿನಾ ಹೇಳುವರು:

“ಬಕಲ್ ಹೊರಗಿರ್ಕ್ ಮಾರಾಯ! ಒಳಗಿದ್ರೆ ಒಂದಕ್ಕೊಂದ್ ಸಿಕ್ಕಿ ಮಕಾಡೆ ಬೀಳ್ತೆ!”

“ಹ್ವಾಯ್, ಅದನ್ನ್ ಕಟ್ಕಂಡ್ ಒಳ್ಗ್ ಬರ್ಬೇಡಿ, ಈಗಷ್ಟೇ ನೆಲ ಒರ್ಸಿದ್ದೆ!” ಎಂದು ಅಕ್ಕ ಅಡುಗೆಮನೆಯಿಂದ ಕೂಗುವಳು.

ಒಮ್ಮೆ ಎಮ್ಮೆ ಅಕ್ಕನಿಗೆ ಒದ್ದಿತು. ಮರುದಿನ ಭಾವನವರೇ ಪ್ಯಾಡು ಕಟ್ಟಿ ಹಾಲು ಕರೆಯಲು ಕೂತರು. ಎಮ್ಮೆ ಒದೆಯಲಿಲ್ಲ, ಹೆದರಿ ಗೂಟ ಕಿತ್ತುಕೊಂಡು ಓಡಿತು! “ಕಂಡ್ಯಾ? ಎದುರು ಟೀಮಿನ ಫಾರ್ವರ್ಡ್ ಓಡಿಯೇ ಹೋಯ್ತ್!” ಎಂದರು.

ನಗಬೇಡಿ. ಗೋಲಿನ ಮುಂದೆ ನಿಂತರೆ ಅವರೇ ಬೇರೆ ಮನುಷ್ಯ. ಅವರದೇ ತಂಡದಲ್ಲಿ ಬ್ಯಾಕ್ ಆಡುತ್ತಿದ್ದ ನಾನು ಚೆಂಡು ಬಿಟ್ಟುಕೊಟ್ಟು ಅವರನ್ನೇ ನೋಡುತ್ತ ನಿಂತದ್ದುಂಟು! ಹಾಗಾಗಿ ಪ್ರತಿವರ್ಷ ಪಕ್ಕದೂರು ಕೋಟದವರು ಒಯ್ಯುತ್ತಿದ್ದ ಟೂರ್ನಮೆಂಟಿನ ಕಪ್ಪು ಈ ಸಲ ನಮ್ಮದೇ ಎಂದು ಫೈನಲಿಗೆ ಮೊದಲೇ ಕುಣಿದಿದ್ದೆವು.

ಅವತ್ತು ಕೋಟದ ಗೋಲಿ ಹೊಸಬ. ಪ್ಯಾಡಿಲ್ಲದೆ ಕಾಲಿಗೆ ಅಡಿಕೆ ಹಾಳೆ ಕಟ್ಟಿಕೊಂಡು ನಿಂತಿದ್ದ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಭಾವನವರು ನಗಲಿಲ್ಲ. ತಮ್ಮ ಪ್ಯಾಡು ಬಿಚ್ಚಿದರು, ಮೈದಾನ ದಾಟಿ ಹೋದರು, ಅವನ ಮುಂದೆ ಮಂಡಿಯೂರಿ ಕಟ್ಟಿಯೇಬಿಟ್ಟರು! ಕೂರಿಸಿದರು, ಎಬ್ಬಿಸಿದರು, ಹಾರಿಸಿದರು. ಅವನ ಹಾಳೆಯನ್ನು ತಾವು ಕಟ್ಟಿಕೊಂಡು ಬಂದರು.

“ಭಾವಾ, ನಿಮ್ಗೆ ತಲೆ ಸಮ ಇತ್ತಾ?”

“ನಂಗೆ ಪೆಟ್ಟ್ ತಿಂದ್ ಅಭ್ಯಾಸ ಇತ್ತ್. ಅಂವ ಹೊಸಬ. ಕಾಲ್ ಮುರದ್ರೆ ಎಂತ ಮಾಡುದ್?”

ಚೆಂಡು ಬಡಿದಾಗಲೆಲ್ಲ ಹಾಳೆ ಚಟಾರ್ ಎನ್ನುತ್ತಿತ್ತು. ನನ್ನ ಎದೆಯೂ! ಆದರೂ ಅವರು ಅಲುಗಲಿಲ್ಲ. ಆ ಕಡೆ ನಮ್ಮ ಹೊಡೆತಗಳೆಲ್ಲ ನಮ್ಮದೇ ಪ್ಯಾಡಿಗೆ ಬಡಿದು ವಾಪಸು ಬಂದವು. ಕೊನೆಗೆ ಹಾಳೆ ಜಾರಿ ಕಾಲಿಗೆ ತೊಡರಿತು, ಚೆಂಡು ಒಳಗೆ ಹೋಯಿತು. ಕಪ್ಪು ಕೋಟದ ಬಸ್ಸು ಹತ್ತಿತು. ಪ್ಯಾಡು ನಮ್ಮ ಮನೆಗೆ ಬಂತು.

“ನಿನ್ನ್ ಗಂಡ ಕಪ್ಪನ್ನೇ ದಾನ ಮಾಡಿ ಬಂದ್ರ್!” ಎಂದು ನಾನು ಜಗಲಿಯಲ್ಲಿ ಹಾರಾಡಿದೆ.

ಅಕ್ಕ ಭಾವನವರ ಕಾಲಿನ ಹಾಳೆ ಬಿಚ್ಚಿದಳು. ಮೊಣಕಾಲಿನ ಕೆಳಗೆ ಪೂರ್ತಿ ನೀಲಿಗಟ್ಟಿ ಊದಿತ್ತು. ನಾನು ಹಾರಾಟ ನಿಲ್ಲಿಸಿ ನೀರು ತಂದೆ. ಅವಳು ತನ್ನ ಹಳೇ ಮೆತ್ತನೆಯ ಸೀರೆ ಹರಿದು, ಒದ್ದೆ ಮಾಡಿ, ನಿಧಾನವಾಗಿ ಸುತ್ತಿದಳು.

“ಗಂಟ್ ಹೊರ್ಗೇ ಹಾಕಿದ್ದೆ, ಕಾಣಿ.”

ಭಾವನವರು ಬಗ್ಗಿ ನೋಡಿದರು. ತಲೆಯಾಡಿಸಿ, ಎದ್ದು ಹಾರಿ ನೋಡಲು ಹೊರಟರು. ಅಕ್ಕ ಹೆಗಲು ಹಿಡಿದು ಕೂರಿಸಿ, ಆ ಕಾಲನ್ನು ತನ್ನ ಮಡಿಲಿಗೆ ಎತ್ತಿಕೊಂಡಳು.